ಸ್ಕೂಟರ್ ಹತ್ತುವ ಆಡು ಮಣೆ ಹತ್ತುವುದಿಲ್ಲ

ಬ್ಯಾಂಕಿನಿಂದ ನಿವೃತ್ತರಾದವರು ಸಾಮಾನ್ಯವಾಗಿ ದೇವಸ್ಥಾನದ ಸಮಿತಿ ಸೇರುತ್ತಾರೆ, ಇಲ್ಲವೇ ಮಗಳ ಬಾಣಂತನದ ನೆಪದಲ್ಲಿ ಅಮೆರಿಕ ನೋಡಿ ಬರುತ್ತಾರೆ. ನಮ್ಮ ಮ್ಯಾನೇಜರು ಎರಡನ್ನೂ ಬಿಟ್ಟು ಆಡು ಕಟ್ಟಿದರು. ಅದೂ ಪಂಜಾಬಿನ ಬೀಟಲ್ ತಳಿ. ನಂದಿ ಬೆಟ್ಟದ ತಪ್ಪಲಿನಲ್ಲಿ ಕುಳಿತು, ನಮ್ಮದೇ ನಂದಿದುರ್ಗ ತಳಿಯನ್ನು ಬಿಟ್ಟು ಅಷ್ಟು ದೂರದ್ದು ಏಕೆ ಎಂದು ಕೇಳಿದರೆ, "ಅದನ್ನು ಸಾಕುವುದು ಮಾಂಸಕ್ಕೆ, ಇದು ಹಾಲಿಗೆ" ಎಂದು ಸಾಲದ ಅರ್ಜಿ ವಾಪಸು ಕಳಿಸುವ ದನಿಯಲ್ಲಿ ಹೇಳುತ್ತಾರೆ.

ಬಗ್ಗಿ ಹಾಲು ಕರೆದರೆ ಸೊಂಟ ಹಿಡಿಯುತ್ತದೆ ಎಂದು ಬಡಗಿಯಿಂದ ಒಂದೂವರೆ ಅಡಿ ಎತ್ತರದ ಮಣೆಯೊಂದನ್ನು ಮಾಡಿಸಿದರು. ಮುಂದುಗಡೆ ಕೊರಳು ಹಿಡಿಯುವ ಎರಡು ಪಟ್ಟಿ, ಅದರಾಚೆ ಬೂಸಾ ಹಾಕುವ ಡಬ್ಬಿ. ಅಂದಿನಿಂದ ಅರಳಿಕಟ್ಟೆಯಲ್ಲಿ ನಮಗೆ ರಾಜಕೀಯದ ಗೊಡವೆಯೇ ಇಲ್ಲ.

"ನನ್ನ ಸ್ಕೂಟರಿನ ಸೀಟಿನ ಮೇಲೆ ನಿಲ್ಲುತ್ತದೆ" ಎಂದು ಮ್ಯಾನೇಜರು ಶುರು ಮಾಡಿದರು. "ನೀರಿನ ತೊಟ್ಟಿಯ ಅಂಚಿನ ಮೇಲೆ ನಡೆಯುತ್ತದೆ. ಪಕ್ಕದ ಮನೆಯವರ ಕಾರಿನ ನೆತ್ತಿ ಹತ್ತಿ ಮೆಲುಕು ಹಾಕುತ್ತದೆ. ಅದಕ್ಕೆಂದೇ ಮಾಡಿಸಿದ ಮಣೆಯನ್ನು ಮಾತ್ರ ಹತ್ತುವುದಿಲ್ಲ."

"ಮಣೆಯಲ್ಲಿ ದೋಷವಿಲ್ಲ ಸ್ವಾಮಿ, ಹಲಸಿನ ಮರ" ಎಂದ ಬಡಗಿ.

"ಮರದ ಬದಲು ಸೊಪ್ಪು ತಂದಿದ್ದರೆ ಹತ್ತುತ್ತಿತ್ತೋ ಏನೋ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಪಂಜಾಬಿಯಲ್ಲಿ ಹೇಳಿ ನೋಡಿದಿರಾ?"

ಪಶುವೈದ್ಯರು ನಗಲಿಲ್ಲ. ಅವರಿಗೆ ನಗು ಬರುವುದು ಬಿಲ್ ಕೊಡುವಾಗ ಮಾತ್ರ. "ಹತ್ತುವುದು ಅದಕ್ಕೆ ಕಷ್ಟವೇ ಅಲ್ಲ. ಹತ್ತಿದ ತಕ್ಷಣ ನೀವು ಕೊರಳಿಗೆ ಪಟ್ಟಿ ಬಿಗಿಯುತ್ತೀರಿ ನೋಡಿ, ಅದು ಸಮಸ್ಯೆ. ಮೊದಲು ಪಟ್ಟಿ ಬಿಚ್ಚಿಟ್ಟು ಬರೀ ತಿನ್ನಿಸಿ. ಬಂದು ತಿಂದು ಹೋಗಲಿ. ನಂಬಿಕೆ ಬಂದ ಮೇಲೆ ಪಟ್ಟಿ ಹಾಕಿ."

"ಮೊದಲು ಸಾಲ ಕೊಟ್ಟು ಆಮೇಲೆ ಜಾಮೀನು ಕೇಳಬೇಕೆ?" ಮ್ಯಾನೇಜರಿಗೆ ಇಡೀ ಸೇವಾವಧಿಯ ತತ್ತ್ವವೇ ಅಲುಗಾಡಿತು.

"ಎಳೆದು ಹತ್ತಿಸಿದರೆ ಹೆದರುತ್ತದೆ. ಹೆದರಿದ ಆಡು ಹಾಲು ಇಳಿಸುವುದಿಲ್ಲ. ಕೆಚ್ಚಲು ತುಂಬಿದ್ದರೂ ನಿಮ್ಮ ಚೊಂಬು ಖಾಲಿ. ಅದು ಬೇಕೆಂದು ಮಾಡುವುದಲ್ಲ, ಗಾಬರಿಯಾದಾಗ ಮೈಯೊಳಗಿನ ಅಡ್ರಿನಲಿನ್ ಹಾಲಿನ ದಾರಿ ಕಟ್ಟುತ್ತದೆ. ನಿಜ ಹೇಳಬೇಕೆಂದರೆ ಇದೆಲ್ಲ ಗಬ್ಬದ ಕೊನೆಯ ತಿಂಗಳಿನಲ್ಲಿಯೇ ಆಗಬೇಕಿತ್ತು. ಐದು ತಿಂಗಳು ಹೊತ್ತು ಈಯುವ ಪ್ರಾಣಿ, ಸಮಯ ಬೇಕಾದಷ್ಟಿತ್ತು."

"ಆಡಿಗೆ ಎರಡೇ ಮೊಲೆ, ಹಸುವಿಗೆ ನಾಲ್ಕು. ಕೆಲಸ ಅರ್ಧ ಎಂದು ತಾನೆ ನಾನು ಇದಕ್ಕೆ ಇಳಿದದ್ದು!"

"ಒದೆತ ಮಾತ್ರ ಪೂರ್ತಿ" ಎಂದೆ ನಾನು. ಅವರ ಮೊಣಕೈಗೆ ಕಟ್ಟಿದ ಬಟ್ಟೆ ಎಲ್ಲರಿಗೂ ಕಾಣುತ್ತಿತ್ತು.

ಒದೆತದ ಬಗ್ಗೆ ವೈದ್ಯರ ಬಳಿ ಇನ್ನೊಂದು ಸೂತ್ರವಿತ್ತು. ಒದ್ದಾಗ ಕೈ ತೆಗೆಯಬಾರದು. ತೆಗೆದರೆ, ಒದ್ದರೆ ಕೈ ಹೋಗುತ್ತದೆ ಎಂದು ಅದು ಕಲಿತುಬಿಡುತ್ತದೆ. ಚೊಂಬನ್ನು ಮಾತ್ರ ಸರಿಸಿ, ಕೈಯನ್ನು ಅಲ್ಲಿಯೇ ಇಟ್ಟು, ಕಾಲು ನಿಂತ ಮೇಲೆ ಮತ್ತೆ ಕರೆಯಬೇಕು. ಇದನ್ನು ಕಟ್ಟೆಯ ಮೇಲೆ ಕುಳಿತು ಹೇಳುವುದು ಬಹಳ ಸುಲಭ.

"ನನ್ನ ಕಷ್ಟ ಬೇರೆ" ಎಂದರು ಮ್ಯಾನೇಜರು. "ಡಬ್ಬಿಯ ಬೂಸಾ ಮುಗಿಯುವವರೆಗೆ ದೇವರಂತೆ ನಿಲ್ಲುತ್ತದೆ. ಮುಗಿದ ಕ್ಷಣ ಕಾಲು ನೇರವಾಗಿ ಚೊಂಬಿನೊಳಗೆ. ಅದು ತಿನ್ನುವ ವೇಗಕ್ಕೆ ನನ್ನ ಬೆರಳು ಸಾಲದು."

"ಇನ್ನೊಂದು ಸೇರು ಹಾಕಿ" ಎಂದ ಬಡಗಿ.

"ಹಾಕಲಿ! ಕಾಳು, ನುಚ್ಚು ಅತಿಯಾದರೆ ಹೊಟ್ಟೆ ಹುಳಿಯುತ್ತದೆ. ಆಮೇಲೆ ನಡುರಾತ್ರಿ ನನ್ನ ಬಾಗಿಲು ಬಡಿಯುತ್ತೀರಿ. ಹಲಸಿನ ಸೊಪ್ಪನ್ನು ಕಡ್ಡಿಯ ಸಮೇತ ಕಟ್ಟಿ. ಕಿತ್ತು ತಿನ್ನುವುದಕ್ಕೆ ಹೊತ್ತು ಹಿಡಿಯುತ್ತದೆ."

"ಕೆಳಗೆ ಬಿದ್ದು ಮಣ್ಣು ಹತ್ತಿದ ಸೊಪ್ಪನ್ನು ಮೂಸಿ ಬಿಡುತ್ತದೆ ಡಾಕ್ಟರೇ."

"ಆಡು ಹಾಗೆಯೇ, ಬಹಳ ನಾಜೂಕು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಆಡು ಸಾಕಿದವರಲ್ಲ."

ಗಾದೆಗೆ ಪೆಟ್ಟು ಬಿದ್ದದ್ದು ಮೇಷ್ಟ್ರಿಗೆ ಹಿಡಿಸಲಿಲ್ಲ. ಅವರು ಇತಿಹಾಸಕ್ಕೆ ಹೊರಳಿದರು. "1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ಇದೇ ಬೆಟ್ಟದ ಮೇಲೆ ವಿಶ್ರಾಂತಿಗೆ ಉಳಿದಿದ್ದರು. ಆಡಿನ ಹಾಲು ಕುಡಿಯುತ್ತಿದ್ದವರು. ಅವರು ಎಂದಾದರೂ ಹೀಗೆ ಗೋಳಾಡಿದರೇ?"

"ಅವರು ಕುಡಿಯುತ್ತಿದ್ದರು, ಕರೆಯುತ್ತಿದ್ದವರು ಬೇರೆ. ನನ್ನ ಮನೆಯಲ್ಲಿ ಎರಡೂ ನಾನೇ."

"ಪೂರ್ತಿ ಕೇಳಿ. ಹಾಲನ್ನೇ ಮುಟ್ಟುವುದಿಲ್ಲ ಎಂದು ಅವರು ವ್ರತ ಹಿಡಿದಿದ್ದರು. ಜೀವಕ್ಕೆ ಬಂದಂಥ ಕಾಯಿಲೆಯಾದಾಗ ಕಸ್ತೂರಬಾ ದಾರಿ ತೋರಿಸಿದರು: ವ್ರತ ಹಿಡಿದಾಗ ಮನಸ್ಸಿನಲ್ಲಿ ಇದ್ದದ್ದು ಹಸು, ಎಮ್ಮೆ, ಆಡಿನ ಹಾಲಿಗೆ ಅಡ್ಡಿಯೇನು ಎಂದು. ಒಪ್ಪಿದರು. ಆದರೆ ಅದರ ಕೊರಗು ಅವರಿಗೆ ಉಳಿದೇ ಇತ್ತು."

ಮ್ಯಾನೇಜರು ದೀರ್ಘವಾಗಿ ನಿಟ್ಟುಸಿರು ಬಿಟ್ಟರು. "ಗಾಂಧೀಜಿಯ ವ್ರತದಲ್ಲಿಯೇ ಸಂದು ಹುಡುಕಿ ನುಗ್ಗಿದ ಪ್ರಾಣಿ. ನನ್ನ ಬೇಲಿ ಯಾವ ಲೆಕ್ಕ?"

ಮುಂದಿನ ಕೆಲವು ವಾರ ಅವರು ಕಟ್ಟೆಗೆ ಬರಲಿಲ್ಲ. ಡೆಂಗಿಯ ಕಾಲವಾದ್ದರಿಂದ ಅವರ ಮನೆಯ ಮುಂದೆ ಬಾಟಲಿ ಹಿಡಿದವರು ನಿಲ್ಲುತ್ತಿದ್ದರು. ಆಡಿನ ಹಾಲಿನಿಂದ ಪ್ಲೇಟ್‌ಲೆಟ್ ಏರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಆಸ್ಪತ್ರೆಗೆ ಹೋಗಿ ಎಂದು ನಮ್ಮ ವೈದ್ಯರು ಗಂಟಲು ಹರಿದುಕೊಂಡರೂ ಸಾಲು ಕರಗಲಿಲ್ಲ. ದನದ ಡಾಕ್ಟರ ಮಾತನ್ನು ಮನುಷ್ಯರು ಏಕೆ ಕೇಳುತ್ತಾರೆ!

ಕೊನೆಗೊಂದು ಸಂಜೆ ಮ್ಯಾನೇಜರು ಬಂದರು. ಮೊಣಕೈಯ ಬಟ್ಟೆ ಇರಲಿಲ್ಲ, ಮುಖ ಮಾತ್ರ ಬಾಡಿತ್ತು.

"ಹತ್ತಿತೇ?" ಎಂದೆವು.

"ಕರೆಯುವ ಮೊದಲೇ ಹತ್ತುತ್ತದೆ. ತಾನಾಗಿ ಪಟ್ಟಿಯೊಳಗೆ ಕೊರಳು ಇಡುತ್ತದೆ. ಹಾಲು ಕರೆದಾಯಿತು, ಪಟ್ಟಿ ಬಿಚ್ಚಿದ್ದಾಯಿತು, ಈಗ ಇಳಿಯುವುದಿಲ್ಲ. ಉಳಿದವು ಕೆಳಗೆ ನಿಂತು ಬೊಬ್ಬೆ ಹೊಡೆಯುತ್ತವೆ. ಹಿಂಡಿನ ಯಜಮಾನಿ ಇಳಿಯದೆ ಮಿಕ್ಕವು ಹತ್ತುವಂತಿಲ್ಲ." ಬಡಗಿಯ ಕಡೆ ತಿರುಗಿದರು. "ಇದನ್ನು ಇಳಿಸುವುದಕ್ಕೆ ಏನಾದರೂ ಮಾಡಿಕೊಡು ಮಾರಾಯ."

ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ಮಾಡೋಣ ಸ್ವಾಮಿ. ಹತ್ತಿಸುವುದಕ್ಕೆ ಮಾಡಿದ್ದರ ಬಾಕಿ ಮೊದಲು ತೀರಲಿ."