ಅಪ್‌ಡೇಟ್: ಟಿವಿ ಕೆಟ್ಟಿಲ್ಲ, ಲೆಕ್ಕ ತಪ್ಪಿದ್ದು ನಾನೇ

ಹೊಸ 4ಕೆ ಟಿವಿಯಲ್ಲಿ ಹಳೆ ಡಿವಿಡಿಗಳು ಮಸುಕಾಗಿ ಕಾಣುತ್ತವೆ, 4ಕೆ ಬ್ಲೂ-ರೇ ಡಿಸ್ಕ್ ಅಂತೂ ಓಡುವುದೇ ಇಲ್ಲ, ಟಿವಿ ಕೆಟ್ಟಿದೆಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಟಿವಿ ಸರಿಯಾಗಿಯೇ ಇದೆ.

ನೀವು ಹೇಳಿದ ಹಾಗೆ ಕೂತು ಲೆಕ್ಕ ಹಾಕಿದೆ. ಪ್ಯಾಲ್ (ನಮ್ಮಲ್ಲಿ ಬಳಸುವ ಹಳೆ ಟಿವಿ ಮಾದರಿ) ಡಿವಿಡಿಯಲ್ಲಿ ಇರುವುದು 720×576 ಪಿಕ್ಸೆಲ್ (ಚಿತ್ರದ ಚುಕ್ಕೆಗಳು), ಅಂದರೆ ಸುಮಾರು 4 ಲಕ್ಷ. ಟಿವಿ ಪರದೆಯಲ್ಲಿ 3840×2160, ಸುಮಾರು 83 ಲಕ್ಷ. ಸರಿಯಾಗಿ 20 ಪಟ್ಟು! ಉಳಿದ ಚುಕ್ಕೆಗಳನ್ನೆಲ್ಲ ಟಿವಿ ಊಹೆ ಮಾಡಿಯೇ ತುಂಬಬೇಕು, ಪಾಪ. ನಾನು ಬೇರೆ ಶಾರ್ಪ್‌ನೆಸ್ ಸುಮ್ನೆ ಜಾಸ್ತಿ ಮಾಡಿಟ್ಟಿದ್ದೆ. ಇಳಿಸಿದ ಮೇಲೆ ಮುಖಗಳ ಸುತ್ತ ಕಾಣುತ್ತಿದ್ದ ಬಿಳಿ ಗೆರೆ ಹೋಯಿತು. ಮಸುಕು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಸೋಫಾ ಸ್ವಲ್ಪ ಹಿಂದೆ ಸರಿಸಿದೆ, ಅಷ್ಟೇ. ಮಾಮೂಲಿ ಬ್ಲೂ-ರೇ 1920×1080 ಆದ್ದರಿಂದ ಚೆನ್ನಾಗಿಯೇ ಕಾಣುತ್ತದೆ.

ಇನ್ನು ಓಡದ ಡಿಸ್ಕ್. 4ಕೆ ಬ್ಲೂ-ರೇ ಬಂದಿದ್ದೇ 2016ರಲ್ಲಿ. ನನ್ನ ಪ್ಲೇಯರ್ ಅದಕ್ಕಿಂತ ಹಳೆಯದು. ಅದು ಚಿತ್ರವನ್ನು 4ಕೆಗೆ ಹಿಗ್ಗಿಸುತ್ತದೆ, ಆದರೆ 4ಕೆ ಡಿಸ್ಕ್ ಓದುವುದಿಲ್ಲ. ಡಬ್ಬದ ಮೇಲೆ ‘4ಕೆ ಅಪ್‌ಸ್ಕೇಲಿಂಗ್’ ಅಂತ ಬರೆದರೆ ಯಾರಿಗಾದರೂ ಮೋಸ ಆಗುತ್ತದೆ, ಅಲ್ವಾ? ಅದೃಷ್ಟಕ್ಕೆ ಆ ಸಿನಿಮಾದ ಪೆಟ್ಟಿಗೆಯಲ್ಲೇ ಮಾಮೂಲಿ ಬ್ಲೂ-ರೇ ಕೂಡ ಇತ್ತು. ಸದ್ಯಕ್ಕೆ ಅದನ್ನೇ ನೋಡುತ್ತಿದ್ದೇನೆ.