ಭಾವನವರಿಗೆ ಸ್ಕಿಜೋಫ್ರೇನಿಯಾ: ಹುಟ್ಟುವ ಮಗುವಿಗೆ ಎಷ್ಟು ಅಪಾಯ?

ಹರಿಹರದ ಹೊಳೆ:
ಗಂಡನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ದಾವಣಗೆರೆಯಲ್ಲಿ ಚಿಕಿತ್ಸೆ ನಡೀತಿದೆ. ನನಗೀಗ ನಾಲ್ಕು ತಿಂಗಳು. ಜೀನ್ ಪರೀಕ್ಷೆ ಮಾಡಿಸಿದರೆ ಮಗುವಿನ ವಿಷಯ ತಿಳಿಯುತ್ತಾ? ಹೆರಿಗೆ ಕಷ್ಟವಾದರೂ ಈ ಕಾಯಿಲೆ ಬರುತ್ತೆ ಅಂತಾರೆ, ನಿಜವಾ?

ಬೆಣ್ಣೆದೋಸೆ:
ಯಾರಿಗೇ ಆಗಲಿ, ಜೀವಮಾನದಲ್ಲಿ ಇದು ಬರುವ ಸಾಧ್ಯತೆ 100ಕ್ಕೆ ಸುಮಾರು 1. ದೊಡ್ಡಪ್ಪನಿಗಿದ್ದರೆ 3ರ ಆಸುಪಾಸು, ಹೆತ್ತವರಲ್ಲಿ ಒಬ್ಬರಿಗಿದ್ದರೆ 10ರ ಹತ್ತಿರ. ಜೀನ್‌ಗಳೆಲ್ಲ ಒಂದೇ ಇರುವ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು.

ಪರೀಕ್ಷೆಗೆ ದುಡ್ಡು ಸುರಿಯಬೇಡಿ ಅಕ್ಕಾ. 2022ರ ದೊಡ್ಡ ಅಧ್ಯಯನದಲ್ಲಿ ಜೀನ್‌ಗಳ ಸಾಲಿನಲ್ಲಿ ಈ ಕಾಯಿಲೆಗೆ ನಂಟಿರುವ 287 ಜಾಗಗಳು ಸಿಕ್ಕವು, ಒಂದೊಂದರ ಪ್ರಭಾವವೂ ತೀರಾ ಸಣ್ಣದು. 22ನೇ ಕ್ರೋಮೊಸೋಮಿನ ಒಂದು ತುಣುಕೇ ಇಲ್ಲದವರ ಮಾತು ಬೇರೆ, ಅವರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ಬರುತ್ತೆ. ಭಾವನವರಿಗೆ ಹುಟ್ಟಿನಿಂದಲೇ ಹೃದಯದ ದೋಷ ಅಥವಾ ಸೀಳಂಗುಳ ಇದ್ದರೆ ಮಾತ್ರ ಡಾಕ್ಟರಿಗೆ ಹೇಳಿ.

ಕೋಟೆನಾಡು:
ನೋವು ಜಾಸ್ತಿ ಹೊತ್ತು ತಿಂದಿರಿ ಅಂತ ಕಾಯಿಲೆ ಬರಲ್ಲ. ಲೆಕ್ಕಕ್ಕೆ ಬರುವುದು ಮಗುವಿಗೆ ಆಮ್ಲಜನಕ ಸಾಲದಿರುವುದು, ಬಸಿರಿನಲ್ಲಿ ಬಿಪಿ ಏರುವುದು, ಹುಟ್ಟುವಾಗಿನ ಕಡಿಮೆ ತೂಕ. ಇವುಗಳಿಂದ ಅಪಾಯ ಒಂದೂವರೆಯಿಂದ ಎರಡು ಪಟ್ಟು. 1 ಇದ್ದದ್ದು 2 ಆದೀತು, ಅಷ್ಟೇ. ನೆದರ್‌ಲೆಂಡ್ಸ್‌ನ 1944-45ರ ಬರಗಾಲದಲ್ಲಿ ಬಸಿರು ನಿಂತ ಹೊಸದರಲ್ಲೇ ಹೊಟ್ಟೆಗಿಲ್ಲದೆ ಕಳೆದ ತಾಯಂದಿರ ಮಕ್ಕಳಲ್ಲೂ ಹೀಗೇ ಸುಮಾರು ಎರಡು ಪಟ್ಟು ಕಂಡಿತ್ತು. ಜೀನಿನ ಹೊರೆಗೆ ಹೆರಿಗೆಯ ತೊಡಕು ಸೇರಿದರೆ ಅಪಾಯ ಇನ್ನೂ ಏರುತ್ತೆ, ಆ ಜೀನ್‌ಗಳಲ್ಲಿ ಹಲವು ಮಾಸಿನಲ್ಲಿ ಚುರುಕಾಗಿರುತ್ತವೆ ಎಂದು 2018ರಲ್ಲಿ ಒಂದು ತಂಡ ತೋರಿಸಿತು. ಆಮೇಲಿನ ಅಧ್ಯಯನಗಳೆಲ್ಲ ಒಪ್ಪಿಲ್ಲ.

ನಿಮ್ಮ ಕೈಲಿರುವುದು: ಪ್ರತಿ ತಪಾಸಣೆಯಲ್ಲೂ ಬಿಪಿ, ತೂಕ, ಹಿಮೋಗ್ಲೋಬಿನ್ ತಾಯಿ ಕಾರ್ಡಿಗೆ ಬರೆಸಿ. ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದು, 180 ದಿನ. ಚಹಾ ಜೊತೆ ನುಂಗಿದರೆ ಮೈಗೆ ಹತ್ತಲ್ಲ. ಬಿಪಿ 140/90 ಮುಟ್ಟಿದರೆ, ಕಣ್ಣು ಮಂಜಾದರೆ, ಮಗುವಿನ ಒದೆತ ಕಡಿಮೆಯಾದರೆ ಅವತ್ತೇ ಆಸ್ಪತ್ರೆಗೆ.

ಹರಿಹರದ ಹೊಳೆ:
ನಮ್ಮದು ಸೋದರ ಸಂಬಂಧ, ಗಂಡ ಸ್ವಂತ ಅತ್ತೆ ಮಗ. ಇದರಿಂದ ಲೆಕ್ಕ ಬದಲಾಗುತ್ತಾ?

ಬೆಣ್ಣೆದೋಸೆ:
ಸ್ವಲ್ಪ. ಭಾವ ನಿಮಗೂ ರಕ್ತಸಂಬಂಧಿ ಆದರಲ್ಲ. ದೊಡ್ಡಪ್ಪನ ಜೊತೆ ಮಗು ಸಾಮಾನ್ಯವಾಗಿ 25% ಜೀನ್ ಹಂಚಿಕೊಳ್ಳುತ್ತೆ, ನಿಮ್ಮಲ್ಲಿ ಅದು ಸುಮಾರು 31%. ಹೆತ್ತವರದು 50%, ಅಷ್ಟಕ್ಕೆ ಹೋಗಲ್ಲ. ನಿಮ್ಮ ತವರಿನಲ್ಲೂ ಯಾರಿಗಾದರೂ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಮನೆಯವರು ಗಾಬರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.