ಅಪ್‌ಡೇಟ್: ಹೊರಗಿನ ಸೌದೆ ಫರ್ನೇಸ್, ಒಳಗಿನ ಚಳಿ

ವಿಸ್ಕಾನ್ಸಿನ್‌ನ ನಮ್ಮ ಹಳ್ಳಿಮನೆಯ ಹೊರಗಿರುವ ಸೌದೆ ಫರ್ನೇಸ್ (ನೀರು ಕಾಯಿಸಿ, ನೆಲದಡಿಯ ಪೈಪಿನಲ್ಲಿ ಮನೆಗೆ ಕಳುಹಿಸುವ ದೊಡ್ಡ ಒಲೆ) ರಾಶಿಗಟ್ಟಲೆ ಸೌದೆ ನುಂಗಿದರೂ ಮನೆ ಬೆಚ್ಚಗಾಗುವುದಿಲ್ಲ, ಹೊಗೆಯೂ ವಿಪರೀತ ಎಂದು ಕಳೆದ ಚಳಿಗಾಲದಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು.

‘ಸೌದೆ ಬಿಡಿ, ನೆಲ ನೋಡಿ’ ಎಂದವರ ಮಾತೇ ನಿಜವಾಯಿತು. ಹಿಮ ಬಿದ್ದ ಮರುದಿನ, ಫರ್ನೇಸಿನಿಂದ ಮನೆಯ ಗೋಡೆಯವರೆಗೆ ಉದ್ದಕ್ಕೂ ಹಿಮ ಕರಗಿ ಹುಲ್ಲು ಕಾಣುತ್ತಿತ್ತು! ಹೂತಿಟ್ಟ ಬಿಸಿನೀರಿನ ಪೈಪಿನ ಹೊರಕವಚದೊಳಗೆ ನೀರು ನುಗ್ಗಿ, ಶಾಖವೆಲ್ಲ ಮಣ್ಣಿನ ಪಾಲಾಗುತ್ತಿತ್ತು. ಹಿಂದಿನ ಮಾಲೀಕರು ಹಾಕಿಸಿದ್ದು ಫಾಯಿಲ್ ಸುತ್ತಿದ ಅಗ್ಗದ ಪೈಪ್. ನೆಲ ಹೆಪ್ಪುಗಟ್ಟಿದ್ದರಿಂದ ಅಗೆತಕ್ಕೆ ಬೇಸಿಗೆಯವರೆಗೆ ಕಾಯಬೇಕಾಯಿತು. ಈಗ ಒಳಗೆಲ್ಲ ಫೋಮ್ ತುಂಬಿದ ಪೈಪ್ ಇದೆ. ದಾರಿಯಲ್ಲಿ ನೀರಿನ ಉಷ್ಣಾಂಶ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಖರ್ಚಿನ ಮಾತು ಬೇಡ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಹೊಗೆ ಮಾತ್ರ ಪೂರ್ತಿ ಹೋಗಿಲ್ಲ. ಸೀಳಿದ ಓಕ್ ಒಣಗಲು ಎರಡು ವರ್ಷ ಬೇಕು, ಹಾಗಾಗಿ ತೇವ ಶೇ. 20ಕ್ಕಿಂತ ಕಡಿಮೆಯಿರುವ ಆ್ಯಶ್ ಮರದ ಸೌದೆಯನ್ನೇ ಈಗ ಉರಿಸುತ್ತಿದ್ದೇನೆ. ಆದರೆ ನೀರು ಕಾದೊಡನೆ ಗಾಳಿಯ ಬಾಗಿಲು ಮುಚ್ಚಿಕೊಂಡು ಬೆಂಕಿ ಸರಿಯಾಗಿ ಉರಿಯದೆ ಹೊಗೆಯಾಡುತ್ತದೆ, ಫರ್ನೇಸಿನ ಒಳಗೋಡೆಗೆ ಕ್ರಿಯೊಸೋಟ್ (ಹೊಗೆಯಿಂದ ಕೂಡುವ ಟಾರಿನಂಥ ಅಂಟುಮಸಿ) ಮೆತ್ತುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2015ರಲ್ಲಿ ತಂದ ಹೊಗೆ ನಿಯಮಗಳಿಗಿಂತ ಹಳೆಯ ಮಾದರಿ ಇದು, ಇದರಿಂದ ಇನ್ನೇನು ನಿರೀಕ್ಷಿಸುವುದು? ಚಿಮಣಿಯನ್ನಾದರೂ ಎತ್ತರಿಸಿದೆ, ಪಕ್ಕದ ಮನೆಯವರು ಮತ್ತೆ ಮಾತನಾಡಿಸುತ್ತಿದ್ದಾರೆ.

ಫರ್ನೇಸಿನ ನೀರಿಗೆ ಹಾಕುವ, ತುಕ್ಕು ತಡೆಯುವ ರಾಸಾಯನಿಕದ ಬಗ್ಗೆ ಕೇಳಿದವರಿಗೆ: ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದೇನೆ, ವರದಿ ಬಂದ ಮೇಲೆ ತಿಳಿಸುತ್ತೇನೆ.